ಮಾಂಟಾನಾದ ಪುಟ್ಟ ಬುಡಕಟ್ಟು ಕಾಲೇಜಿನಲ್ಲಿ ಕಾಡು ಓದುತ್ತಿದ್ದೇನೆ, ಕೇಳುವುದಿದ್ದರೆ ಕೇಳಿ

ಪಾಬ್ಲೊಪೇಟೆ · ಏಪ್ರಿಲ್ 21

ಹೋದ ತಿಂಗಳು ಇನ್ನೊಂದು ಚರ್ಚೆಯಲ್ಲಿ "ನಾನು ಟ್ರೈಬಲ್ ಕಾಲೇಜಿನಲ್ಲಿ ಓದುತ್ತಿದ್ದೇನೆ" ಎಂದು ಒಂದೇ ಒಂದು ಸಾಲು ಬರೆದಿದ್ದೆ. ಇನ್‌ಬಾಕ್ಸ್ ತುಂಬಿಹೋಯಿತು. ಅರ್ಧ ಜನ "ಹಂಗಂದ್ರೆ ಏನು" ಅಂತ, ಇನ್ನರ್ಧ ಜನ "ಈ ವಯಸ್ಸಿನಲ್ಲಿ ನಿನಗ್ಯಾಕೆ ಬೇಕಿತ್ತು" ಅಂತ. ಎಲ್ಲರಿಗೂ ಸೇರಿಸಿ ಇಲ್ಲೇ ಬರೆದುಬಿಡುತ್ತೇನೆ.

ನಾನು ತೀರ್ಥಹಳ್ಳಿ ಕಡೆಯವಳು. ಓದಿದ್ದು ಬಿಕಾಂ. ಮದುವೆಯಾಗಿ ಅಮೆರಿಕಕ್ಕೆ ಬಂದು ಹದಿಮೂರು ವರ್ಷ ಆಯಿತು. ಯಜಮಾನರಿಗೆ ಮಾಂಟಾನಾದ ಸಣ್ಣ ಊರೊಂದರಲ್ಲಿ ಕೆಲಸ ಸಿಕ್ಕಿತು, ಬಂದೆವು. ಇಲ್ಲಿ "ಐ ಆಮ್ ಇಂಡಿಯನ್" ಅಂದರೆ ಎದುರಿಗಿದ್ದವರು "ಯಾವ ಬುಡಕಟ್ಟು?" ಅಂತ ಕೇಳುತ್ತಾರೆ. ಮೊದಲ ಸಲ ಕೇಳಿದಾಗ ಏನು ಹೇಳಬೇಕೆಂದು ತೋಚದೆ "ಶಿವಮೊಗ್ಗ" ಅಂದಿದ್ದೆ.

ಕಾಲೇಜಿನ ಹೆಸರು ಸೇಲಿಶ್ ಕೂಟನೈ ಕಾಲೇಜು. ಊರು ಪಾಬ್ಲೊ. ಫ್ಲ್ಯಾಟ್‌ಹೆಡ್ ರಿಸರ್ವೇಶನ್, ಅಂದರೆ ಬುಡಕಟ್ಟುಗಳಿಗೆ ಮೀಸಲಾದ ನೆಲ, ಅದರೊಳಗಿದೆ. ಸೇಲಿಶ್, ಪಾಂಡರೇ, ಕೂಟನೈ ಎಂಬ ಮೂರು ಬುಡಕಟ್ಟುಗಳ ನೆಲ ಇದು. ಊರಿಗೆ ಆ ಹೆಸರು ಬಂದದ್ದು ಮಿಶೆಲ್ ಪಾಬ್ಲೊ ಅನ್ನುವವರಿಂದ. ಕಾಡೆಮ್ಮೆಗಳು, ಅಂದರೆ ಬೈಸನ್‌ಗಳು, ದೇಶದಲ್ಲಿ ಇನ್ನೇನು ಮುಗಿದೇಹೋದವು ಅನ್ನುವ ಕಾಲಕ್ಕೆ ಇದೇ ಕಣಿವೆಯಲ್ಲಿ ಪಾಲುದಾರ ಚಾರ್ಲ್ಸ್ ಅಲ್ಲಾರ್ಡ್ ಜೊತೆ ಸೇರಿ ಒಂದು ಹಿಂಡು ಸಾಕಿ ಉಳಿಸಿದವರು. ಪೂರ್ವಕ್ಕೆ ಮಿಷನ್ ಬೆಟ್ಟಸಾಲು ಗೋಡೆ ಎಬ್ಬಿಸಿದ ಹಾಗೆ ನಿಂತಿದೆ. ಜೂನ್‌ನಲ್ಲೂ ನೆತ್ತಿಯ ಮೇಲೆ ಹಿಮ.

ಮೊದಲು ಒಂದು ವಿಷಯ ಬಿಡಿಸಿ ಹೇಳಬೇಕು. ಇದು ಬುಡಕಟ್ಟಿನವರಿಗೆ ಅಂತ ಸರ್ಕಾರ ಕಟ್ಟಿಕೊಟ್ಟ ಕಾಲೇಜಲ್ಲ. ಬುಡಕಟ್ಟಿನವರೇ ಕಟ್ಟಿ, ಅವರೇ ನಡೆಸುತ್ತಿರುವುದು. ಮೊದಲನೆಯದನ್ನು ನವಾಹೋ ಜನ 1968ರಲ್ಲಿ ಅರಿಜೋನಾದಲ್ಲಿ ಶುರು ಮಾಡಿದರು, ಈಗ ಅದು ಡಿನೇ ಕಾಲೇಜು. ನಮ್ಮದು 1977ರದ್ದು, ಆಗ ಕ್ಯಾಲಿಸ್ಪೆಲ್ ಊರಿನ ಕಾಲೇಜಿನ ಶಾಖೆಯಾಗಿತ್ತು. ಈಗ ದೇಶದಲ್ಲಿ ಇಂಥವು ಮೂವತ್ತಕ್ಕೂ ಜಾಸ್ತಿ ಇವೆ. ಹೆಚ್ಚಿನವು ಪುಟ್ಟವು. ನಮ್ಮ ಮರ ಅಳೆಯುವ ಕ್ಲಾಸಿನಲ್ಲಿ ಇರುವುದೇ ಏಳು ಜನ. ಒಬ್ಬರು ಮೊಮ್ಮಕ್ಕಳನ್ನು ಕಂಡ ಅಜ್ಜಿ. ಇನ್ನೊಬ್ಬಳು ಡೇಕೇರ್ ಇಲ್ಲದ ದಿನ ಮಗುವನ್ನೂ ಕರೆದುಕೊಂಡೇ ಬರುತ್ತಾಳೆ, ಅವನಿಗೆ ಈಗಾಗಲೇ ನಾಲ್ಕು ಮರಗಳ ಹೆಸರು ಗೊತ್ತು.

ನಾನು ಓದುತ್ತಿರುವುದು ಫಾರೆಸ್ಟ್ರಿ. ಪಕ್ಕದ ಕೋಣೆಗಳಲ್ಲಿ ನೀರಿನ ವಿಜ್ಞಾನದವರು, ಮೀನು ಮತ್ತು ವನ್ಯಜೀವಿಯವರು. ಹತ್ತು ಗಂಟೆಗೆ ಕ್ಲಾಸಿನಲ್ಲಿ ಕೇಳಿದ್ದನ್ನು ಮಧ್ಯಾಹ್ನ ಕಾಡಿನಲ್ಲಿ ಕೈಯಾರೆ ಮಾಡುತ್ತೇವೆ. ಆ ಕಾಡು ಕಾಲೇಜು ನಡೆಸುವ ಜನರದ್ದೇ. ಯಾವ ಮರ ಕಡಿಯಬೇಕು, ಯಾವುದು ನಿಲ್ಲಬೇಕು ಅಂತ ತೀರ್ಮಾನ ಮಾಡುವ ಆಫೀಸು ಕಾಲೇಜಿನಿಂದ ಕೂಗಳತೆಯಲ್ಲಿದೆ. ಇಷ್ಟು ಹತ್ತಿರ ನಾನು ಎಲ್ಲೂ ಕಂಡಿಲ್ಲ.

ಮೊದಲ ದಿನ ಕೈಗೆ ಒಂದು ಟೇಪು ಕೊಟ್ಟರು. ಪೊಂಡೆರೋಸಾ ಪೈನ್ ಮರಕ್ಕೆ ಸುತ್ತು ಹಾಕಿ ಓದಿ ಅಂದರು. ನಮ್ಮ ಕಡೆ ಮರ ತಬ್ಬಿ ಸುತ್ತಳತೆ ಹೇಳುವುದು ನೋಡಿದ್ದೇನೆ. ಈ ಟೇಪಿನಲ್ಲಿ ಪೈ ಲೆಕ್ಕ ಮೊದಲೇ ಸೇರಿಸಿ ಗೆರೆ ಹಾಕಿರುತ್ತಾರೆ. ಸುತ್ತ ಸುತ್ತಿದರೆ ನೇರವಾಗಿ ಅಡ್ಡಳತೆ ಸಿಗುತ್ತದೆ. ನಾನು ಗೊತ್ತಿಲ್ಲದೆ ಅದನ್ನು ಮತ್ತೆ 3.14ರಿಂದ ಭಾಗಿಸಿ, ತಬ್ಬಿದರೂ ಕೈಗೆ ಸಿಗದ ಮರ ಎಂಟು ಇಂಚು ದಪ್ಪ ಅಂತ ಬರೆದೆ. ಮೇಷ್ಟ್ರು ನಗಲಿಲ್ಲ, ಅಜ್ಜಿ ನಕ್ಕರು. ಆಮೇಲೆ ಹತ್ತಿರ ಕರೆದು, ತೊಗಟೆಯ ಬಿರುಕಿಗೆ ಮೂಗು ಇಡು ಅಂದರು. ಬಿಸಿಲು ಬಿದ್ದ ತೊಗಟೆ. ಅಪ್ಪಟ ವೆನಿಲಾ ವಾಸನೆ. ತೀರ್ಥಹಳ್ಳಿ ಬಸ್‌ಸ್ಟ್ಯಾಂಡ್ ಪಕ್ಕದ ಬೇಕರಿಯೇ ನೆನಪಾಯಿತು.

ಏನು ಬೇಕಾದರೂ ಕೇಳಿ. ಉತ್ತರ ತಡವಾಗಬಹುದು, ಗುಡ್ಡದ ಮೇಲೆ ನೆಟ್‌ವರ್ಕ್ ಇರಲ್ಲ.

ಡಲ್ಲಾಸ್ ದೋಸೆ · ಏಪ್ರಿಲ್ 21

ಮೇಡಂ, ತಂಗಿ ಬಿಎಸ್ಸಿ ಮುಗಿಸಿದ್ದಾಳೆ. ಇಂಡಿಯಾದಿಂದ ನೇರ ಇಲ್ಲಿಗೆ ಅಪ್ಲೈ ಮಾಡಬಹುದಾ? ಫೀಸು ಕಮ್ಮಿ ಅಂತ ಕೇಳಿದೆ.

ಪಾಬ್ಲೊಪೇಟೆ · ಏಪ್ರಿಲ್ 22

ನನ್ನದು ಗ್ರೀನ್ ಕಾರ್ಡ್, ಹಾಗಾಗಿ ಆ ತಲೆನೋವು ಇರಲಿಲ್ಲ. ಬುಡಕಟ್ಟಿನವರಲ್ಲದವರೂ ಸೇರಬಹುದು, ಅದಕ್ಕೆ ಅಡ್ಡಿ ಇಲ್ಲ. ಆದರೆ ಸ್ಟೂಡೆಂಟ್ ವೀಸಾ ಬೇಕೆಂದರೆ ಐ-20, ಅಂದರೆ ವೀಸಾಗೆ ಬೇಕಾದ ಕಾಲೇಜಿನ ಪತ್ರ, ಕೊಡುವ ಅನುಮತಿ ಆ ಕಾಲೇಜಿಗೆ ಇರಬೇಕು. ಮೊದಲ ಮೇಲ್‌ನಲ್ಲೇ ಅದನ್ನು ಕೇಳಲಿ, ಉಳಿದದ್ದು ಆಮೇಲೆ. ಇನ್ನೊಂದು ಮಾತು. ಬರೀ ಫೀಸು ಕಮ್ಮಿ ಅಂತ ಬರುವುದಾದರೆ ಬೇಡ. ಪಾಬ್ಲೊದಲ್ಲಿ ಸಂಜೆ ಆರರ ನಂತರ ಮಾಡಲು ಏನೂ ಇಲ್ಲ. ಚಳಿಗಾಲದಲ್ಲಿ ಐದಕ್ಕೆಲ್ಲ ಕತ್ತಲು.

ತಲಘಟ್ಟಪುರ · ಏಪ್ರಿಲ್ 22

ಬೇಜಾರು ಮಾಡ್ಕೋಬೇಡಿ, ನೇರವಾಗಿ ಕೇಳುತ್ತೇನೆ. ಒಂದು, ಏಳು ಜನರ ಕ್ಲಾಸಿನ ಡಿಗ್ರಿಗೆ ಹೊರಗೆ ಬೆಲೆ ಇದೆಯಾ? ಎರಡು, ಅದು ಅವರಿಗಾಗಿ ಇರುವ ಕಾಲೇಜು. ನೀವು ಹೋಗಿ ಕೂತರೆ ಅವರ ಸೀಟು ನೀವು ತಗೊಂಡ ಹಾಗಾಗಲಿಲ್ವಾ?

ಪಾಬ್ಲೊಪೇಟೆ · ಏಪ್ರಿಲ್ 23

ಬೇಜಾರೇನಿಲ್ಲ, ಎರಡನೇ ಪ್ರಶ್ನೆ ನನ್ನನ್ನೂ ಕಾಡಿದ್ದೇ.

ಬೆಲೆ ವಿಷಯ: ನಮ್ಮ ಫಾರೆಸ್ಟ್ರಿ ಪದವಿಗೆ ಸೊಸೈಟಿ ಆಫ್ ಅಮೆರಿಕನ್ ಫಾರೆಸ್ಟರ್ಸ್ ಮಾನ್ಯತೆ ಇದೆ. ದೊಡ್ಡ ಯೂನಿವರ್ಸಿಟಿಗಳಿಗೆ ಕೊಡುವುದೂ ಅದೇ ಮಾನ್ಯತೆ. ಸಣ್ಣ ಕಾಲೇಜು ಅಂತ ಹಗುರ ಮಾಡಬೇಡಿ. 2015ರಲ್ಲಿ ಇಲ್ಲಿನ ವಿದ್ಯಾರ್ಥಿಗಳು ಕೈಯಲ್ಲಿ ಹಿಡಿಯುವಷ್ಟು ಪುಟ್ಟ ಉಪಗ್ರಹ ಕಟ್ಟಿ ಆಕಾಶಕ್ಕೆ ಕಳಿಸಿದರು. ಅದರ ಹೆಸರು ಬೈಸನ್‌ಸ್ಯಾಟ್.

ಸೀಟು ವಿಷಯ: ಇಲ್ಲಿ ಸೀಟಿಗೆ ಜಗಳ ಇಲ್ಲ, ಅರ್ಜಿ ಹಾಕಿದವರಿಗೆ ಬಾಗಿಲು ತೆರೆದಿದೆ. ಬುಡಕಟ್ಟು ಕಾಲೇಜುಗಳಿಗೆ ದುಡ್ಡು ಕೊಡುವ 1978ರ ಕಾಯಿದೆ ಇದೆಯಲ್ಲ, ಅದರಲ್ಲಿ ತಲೆಗೆ ಇಷ್ಟು ಅಂತ ಬರುವುದು ಬುಡಕಟ್ಟಿನ ವಿದ್ಯಾರ್ಥಿಗಳ ಲೆಕ್ಕದಲ್ಲಿ ಮಾತ್ರ. ನನ್ನ ತಲೆಗೆ ಆ ಲೆಕ್ಕದಲ್ಲಿ ಏನೂ ಬರಲ್ಲ. ಅಂದರೆ ನನ್ನಂಥವರಿಗೆ ಪಾಠ ಹೇಳುವುದು ಅವರ ಔದಾರ್ಯ. ಕೆಲಸದಲ್ಲಿ ಮಾತ್ರ ಬುಡಕಟ್ಟಿನವರಿಗೆ ಮೊದಲ ಆದ್ಯತೆ. ಬೇಸಿಗೆ ಕೆಲಸಕ್ಕೆ ನಾನು ಅರ್ಜಿ ಹಾಕಿದಾಗ ನನ್ನ ಪಕ್ಕ ಕೂರುವ ಹುಡುಗನಿಗೆ ಸಿಕ್ಕಿತು, ಅಂಕ ನನ್ನದೇ ಜಾಸ್ತಿ ಇತ್ತು. ಒಂದು ದಿನ ಮುಖ ಊದಿಸಿಕೊಂಡಿದ್ದೆ, ಸುಳ್ಳು ಹೇಳಲ್ಲ. ಆಮೇಲೆ ಅವನ ಜೊತೆ ಅದೇ ಗುಡ್ಡ ಹತ್ತಿದೆ. ಹಾಳೆಯ ಮೇಲೆ ಬರದ ವಿಷಯ ಅವನಿಗೆ ಎಷ್ಟು ಗೊತ್ತು ಅಂತ ಆಗ ತಿಳಿಯಿತು. ಯಾವ ತೊರೆ ಆಗಸ್ಟ್‌ನಲ್ಲಿ ಬತ್ತುತ್ತದೆ, ಯಾವ ಇಳಿಜಾರಿನಲ್ಲಿ ಹಿಮ ಮೊದಲು ಕರಗುತ್ತದೆ, ಎಲ್ಲ ಅವನಿಗೆ ಬಾಯಿಪಾಠ.

ಇನ್ನೊಂದು ಕಥೆ ಇದೆ, ಇದನ್ನು ನಾನು ಇಲ್ಲಿಗೆ ಬಂದ ಮೇಲೆ ಕಲಿತೆ. ಅಮೆರಿಕದ ದೊಡ್ಡ ದೊಡ್ಡ ಕೃಷಿ ವಿಶ್ವವಿದ್ಯಾಲಯಗಳೆಲ್ಲ 1862ರ ಮೊರಿಲ್ ಕಾಯಿದೆಯಲ್ಲಿ ಜಮೀನು ಪಡೆದು ಬೆಳೆದವು. ಒಂದು ಕೋಟಿ ಎಕರೆಗೂ ಹೆಚ್ಚು. ಆ ನೆಲ ಯಾರದ್ದು? ಈ ಬುಡಕಟ್ಟುಗಳದ್ದೇ. ಬುಡಕಟ್ಟು ಕಾಲೇಜುಗಳನ್ನು ಆ ಪಟ್ಟಿಗೆ ಸೇರಿಸಿದ್ದು 1994ರಲ್ಲಿ, ಅಂದರೆ 132 ವರ್ಷ ಆದ ಮೇಲೆ. ಆಗಲೂ ಜಮೀನು ಕೊಡಲಿಲ್ಲ. ಒಂದು ನಿಧಿ ಇಟ್ಟು ಅದರ ಬಡ್ಡಿ ಹಂಚುತ್ತಾರೆ. ಹಾಗಾಗಿ "ಯಾರ ಸೀಟು ಯಾರು ತಗೊಂಡರು" ಅನ್ನುವ ಪ್ರಶ್ನೆಯನ್ನು ಸ್ವಲ್ಪ ಹಿಂದಿನಿಂದಲೇ ಕೇಳಬೇಕು.

ಸುಮಾ ಟೀಚರ್ · ಏಪ್ರಿಲ್ 24

ನಾನು ಹೆಗ್ಗಡದೇವನಕೋಟೆ ಕಡೆ ಒಂದು ಆಶ್ರಮ ಶಾಲೆಯಲ್ಲಿ ನಾಲ್ಕು ವರ್ಷ ಇದ್ದೆ. ಹೆಚ್ಚಿನವರು ಜೇನುಕುರುಬರ ಮಕ್ಕಳು. ಒಬ್ಬ ಹುಡುಗ ಅಪ್ಪನ ಜೊತೆ ಹೋಗಿ ಹೆಜ್ಜೇನು ಬಿಡಿಸಿಕೊಂಡು ಬಂದಿದ್ದ. ನನಗೂ ಒಂದು ತುಂಡು ಹುಟ್ಟು ಎಲೆಯಲ್ಲಿ ಕಟ್ಟಿ ತಂದಿದ್ದ. ಅದೇ ವಾರ ಪರೀಕ್ಷೆಯಲ್ಲಿ ಜೇನುಹುಳದ ಪ್ರಶ್ನೆಗೆ ಅವನಿಗೆ ಸೊನ್ನೆ ಬಂತು. ಸೊನ್ನೆ ಹಾಕಿದವಳು ನಾನೇ. "ರಾಣಿ, ಗಂಡು, ಕೆಲಸಗಾರ" ಅಂತ ಬರೆದಿರಲಿಲ್ಲ. ಗೂಡಿನ ಯಾವ ಭಾಗದಲ್ಲಿ ತುಪ್ಪ, ಯಾವ ಭಾಗದಲ್ಲಿ ಮರಿ, ಎಷ್ಟು ಬಿಟ್ಟು ಬರಬೇಕು ಅಂತ ಬರೆದಿದ್ದ. ಈಗಲೂ ಅದು ಮನಸ್ಸಿನಲ್ಲಿ ಚುಚ್ಚುತ್ತದೆ.

ನಿಮ್ಮಲ್ಲಿ ಈ ಥರದ್ದನ್ನು ಹೇಗೆ ನಿಭಾಯಿಸುತ್ತಾರೆ ಅಕ್ಕ? ಹಿರಿಯರು ಹೇಳುವುದಕ್ಕೆ ಅಂಕ ಸಿಗುತ್ತಾ?

ಪಾಬ್ಲೊಪೇಟೆ · ಏಪ್ರಿಲ್ 27

ಟೀಚರ್, ನಿಮ್ಮ ಮಾತು ಓದಿ ಸುಮ್ನೆ ಕೂತುಬಿಟ್ಟೆ.

ಇಲ್ಲೂ ಅದೇ ಇತ್ತು, ಇನ್ನೂ ಕೆಟ್ಟದಾಗಿ. ಪೆನ್ಸಿಲ್ವೇನಿಯಾದಲ್ಲಿ 1879ರಲ್ಲಿ ಶುರುವಾದ ಕಾರ್ಲೈಲ್ ಶಾಲೆಯ ಮಾದರಿಯಲ್ಲಿ ದೇಶದ ತುಂಬ ವಸತಿ ಶಾಲೆಗಳು ಎದ್ದವು. ಮಕ್ಕಳನ್ನು ಮನೆಯಿಂದ ದೂರ ಒಯ್ದು ಕೂದಲು ಕತ್ತರಿಸಿ, ಮಾತೃಭಾಷೆ ಆಡಿದರೆ ಶಿಕ್ಷೆ. ನಮ್ಮ ಕ್ಲಾಸಿನ ಅಜ್ಜಿಯ ತಾಯಿ ಅಂಥದ್ದೇ ಒಂದು ಶಾಲೆಯಲ್ಲಿ ಓದಿದವರಂತೆ. ಅದಕ್ಕೇ ಅವರು ಮಗಳಿಗೆ ಸೇಲಿಶ್ ಕಲಿಸಲೇ ಇಲ್ಲ. ಅಜ್ಜಿ ಈಗ ಅರವತ್ತರ ಹತ್ತಿರ, ಸ್ವಂತ ಭಾಷೆಯನ್ನು ಒಂದನೇ ಪಾಠದಿಂದ ಕಲಿಯುತ್ತಿದ್ದಾರೆ. ಸಂಜೆ ನಾವಿಬ್ಬರೂ ಲೈಬ್ರರಿಯಲ್ಲಿ ಕೂರುತ್ತೇವೆ. ಅವರು ನನಗೆ ಸೇಲಿಶ್ ಪದ ಹೇಳಿಕೊಡುತ್ತಾರೆ, ನಾನು ಅವರಿಗೆ ಆಲ್ಜೀಬ್ರಾ. ಗಂಟಲ ಆಳದಿಂದ ಬರುವ ಆ ಅಕ್ಷರಗಳು ನನಗೆ ಇನ್ನೂ ಬರುವುದಿಲ್ಲ. ಅವರಿಗೆ ಆಲ್ಜೀಬ್ರಾ ಬಂದುಬಿಟ್ಟಿತು.

ಹಿರಿಯರ ಪಾಠಕ್ಕೆ ಒಂದು ಉದಾಹರಣೆ. ವಸಂತದಲ್ಲಿ ಬಿಟರ್‌ರೂಟ್ ಅಂತ ಒಂದು ಗೆಡ್ಡೆ ಅಗೆಯುತ್ತಾರೆ. ಮಾಂಟಾನಾದ ರಾಜ್ಯಪುಷ್ಪವೂ ಅದೇ. ಹೂ ಅರಳುವ ಮೊದಲೇ ತೆಗೆಯಬೇಕು, ಅರಳಿದ ಮೇಲೆ ಸಿಪ್ಪೆ ಬಿಡುವುದಿಲ್ಲ. ಊರಿನ ಮೊದಲ ಊಟ, ಪ್ರಾರ್ಥನೆ ಆಗುವ ತನಕ ಯಾರೂ ಅಗೆಯುವ ಹಾಗಿಲ್ಲ. ನಮ್ಮಲ್ಲಿ ಹೊಸ್ತಿನ ಊಟ ಆಗದೆ ಹೊಸ ಅಕ್ಕಿ ಮುಟ್ಟದ ಹಾಗೆ ಅನ್ನಿ. ಸಿಪ್ಪೆ ಸುಲಿದು, ಒಳಗೆ ಕೆಂಪಗಿರುವ ಪುಟ್ಟ ತಿರುಳನ್ನು ಉಗುರಲ್ಲಿ ಚಿವುಟಿ ತೆಗೆಯಬೇಕು. ಎಲ್ಲಕ್ಕಿಂತ ಕಹಿ ಅದೇ. ನಾನು ಒಂದನ್ನು ಹಾಗೇ ಬಾಯಿಗೆ ಹಾಕಿಕೊಂಡೆ. ಹಾಗಲಕಾಯಿ ತಿಂದು ಬೆಳೆದವಳು ನಾನು, ಆದರೂ ಕಣ್ಣಲ್ಲಿ ನೀರು ಬಂತು.

ಆವತ್ತು ಮೇಷ್ಟ್ರು ಪಾಠ ಮಾಡಲಿಲ್ಲ, ಹಿರಿಯರೊಬ್ಬರು ಮಾಡಿದರು. ಮರುದಿನ ಅದೇ ಜಾಗದಲ್ಲಿ ಹಗ್ಗ ಕಟ್ಟಿ, ಒಂದು ಚದರ ಮೀಟರಿನಲ್ಲಿ ಎಷ್ಟು ಗಿಡ ಉಳಿದಿವೆ ಅಂತ ಎಣಿಸಿದೆವು. ಎರಡೂ ಒಂದೇ ಕೋರ್ಸು, ಎರಡಕ್ಕೂ ಅಂಕ ಇದೆ. ಆದರೆ ಹಿರಿಯರು ಹೇಳಿದ ಕೆಲವು ಮಾತುಗಳನ್ನು ಬರೆದುಕೊಳ್ಳಬಾರದು, ಪೆನ್ನು ಕೆಳಗಿಡಿ ಅಂದರು. ಅದನ್ನು ಇಲ್ಲೂ ಬರೆಯುವುದಿಲ್ಲ.

ಶಿರಸಿ ಬ್ಯಾಚ್ · ಏಪ್ರಿಲ್ 28

ಟೇಪಿನ ಕಥೆ ಓದಿ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ. ನಾನು ಶಿರಸಿ ಫಾರೆಸ್ಟ್ರಿ ಕಾಲೇಜಿನವನು. ನಮ್ಮಲ್ಲಿ ಸುತ್ತಳತೆಯನ್ನೇ ಬರೆಯುತ್ತೇವೆ, ಜಿಬಿಎಚ್, ಅಂದರೆ ಎದೆಯೆತ್ತರದ ಸುತ್ತಳತೆ. ಎದೆಯೆತ್ತರ ಅಂದರೆ ನೆಲದಿಂದ 1.37 ಮೀಟರ್. ಯಾಕೆ ಆ 1.37 ಅಂತ ಯಾರೂ ಹೇಳಿರಲಿಲ್ಲ. ನಿಮ್ಮಲ್ಲಿ ಎಷ್ಟು?

ಪಾಬ್ಲೊಪೇಟೆ · ಏಪ್ರಿಲ್ 28

ನಾಲ್ಕೂವರೆ ಅಡಿ. ಮೀಟರಿಗೆ ತಿರುಗಿಸಿ ನೋಡಿ.

ಶಿರಸಿ ಬ್ಯಾಚ್ · ಏಪ್ರಿಲ್ 28

1.37! ಇಷ್ಟು ವರ್ಷ ಅಡಿ ಲೆಕ್ಕವನ್ನೇ ಮೀಟರಿನಲ್ಲಿ ಉರು ಹೊಡೆದಿದ್ದೀವಿ.

ಪಾಬ್ಲೊಪೇಟೆ · ಮೇ 6

ಈ ವಾರ ಬೆಂಕಿ ಹಾಕಿದೆವು. ನಿಜವಾಗಿಯೂ, ಕಾಡಿಗೆ. ಎಷ್ಟೋ ದಿನದಿಂದ ಕಾದಿದ್ದ ಪಾಠ.

ಇದಕ್ಕೆ ಮೊದಲು ಒಂದು ಓಟ ಇದೆ, ಓಟ ಅಲ್ಲ, ನಡಿಗೆ. ಬೆನ್ನಿಗೆ 45 ಪೌಂಡ್ ಹೊತ್ತು 3 ಮೈಲಿಯನ್ನು 45 ನಿಮಿಷದಲ್ಲಿ ಮುಗಿಸಬೇಕು. ಅಂದರೆ ಇಪ್ಪತ್ತು ಕೆಜಿ ಅಕ್ಕಿ ಮೂಟೆ ಹೊತ್ತು ಹೆಚ್ಚುಕಮ್ಮಿ 5 ಕಿಲೋಮೀಟರ್. ಓಡುವ ಹಾಗಿಲ್ಲ. ಮೊದಲ ಸಲ 47 ನಿಮಿಷ ತಗೊಂಡು ಫೇಲಾದೆ. ಎರಡನೇ ಸಲ 44 ನಿಮಿಷ ಚಿಲ್ಲರೆ. ಯಜಮಾನರು ಸಿಹಿ ಮಾಡಿದ್ದರು, ತಿನ್ನುವ ಶಕ್ತಿ ಇರಲಿಲ್ಲ.

ತಲಘಟ್ಟಪುರ · ಮೇ 6

ಒಂದ್ನಿಮಿಷ. ಬೇಕು ಅಂತಲೇ ಕಾಡಿಗೆ ಬೆಂಕಿ ಇಡೋದಾ? 2019ರ ಫೆಬ್ರವರಿಯಲ್ಲಿ ಬಂಡೀಪುರ ಹೊತ್ತಿ ಉರಿದಾಗ ನಾನು ಊಟಿ ರೋಡಲ್ಲಿದ್ದೆ. ಆ ಹೊಗೆ, ಓಡುತ್ತಿದ್ದ ಜಿಂಕೆಗಳನ್ನು ಈಗಲೂ ಮರೆತಿಲ್ಲ. ಇದಕ್ಕೆ "ಸಂರಕ್ಷಣೆ" ಅಂತ ಹೆಸರಿಟ್ಟರೆ ಒಪ್ಪೋಕಾಗಲ್ಲ.

ಪಾಬ್ಲೊಪೇಟೆ · ಮೇ 8

ನಿಮ್ಮ ಜಾಗದಲ್ಲಿ ನಾನಿದ್ದರೂ ಹಾಗೇ ಅನ್ನುತ್ತಿದ್ದೆ. ನಮ್ಮೂರಲ್ಲೂ ಗುಡ್ಡಕ್ಕೆ ಬೆಂಕಿ ಬಿತ್ತು ಅಂದರೆ ಸೊಪ್ಪು ಹಿಡಿದು ಓಡುವುದೇ ರೂಢಿ. ಆದರೆ ಒಂದು ಮರದ ತುಂಡು ನನ್ನ ಮನಸ್ಸು ಬದಲಿಸಿತು.

ಲ್ಯಾಬಿನಲ್ಲಿ ಹಳೇ ಪೊಂಡೆರೋಸಾ ಬುಡದ ಅಡ್ಡ ಸೀಳು ಇದೆ. ಊಟದ ಬಾಳೆಲೆಯಷ್ಟು ಅಗಲ. ಒಂದು ಪಕ್ಕ ತ್ರಿಕೋನದ ಹಾಗೆ ಸುಟ್ಟು ಕರಿಯಾಗಿದೆ. ಮರದ ಬುಡದಲ್ಲಿ ಸಣ್ಣ ಬೆಂಕಿ ಹಾದುಹೋದರೆ ಗಾಯವಾಗುತ್ತದೆ, ಮರ ಸಾಯುವುದಿಲ್ಲ. ಮರುವರ್ಷ ಹೊಸ ಉಂಗುರ ಆ ಗಾಯದ ಅಂಚಿನಿಂದ ಸುರುಳಿ ಸುತ್ತಿ ಮುಚ್ಚಲು ನೋಡುತ್ತದೆ. ಮತ್ತೆ ಬೆಂಕಿ, ಮತ್ತೆ ಗಾಯ. ಹಾಗಾಗಿ ಪ್ರತಿ ಬೆಂಕಿಯ ವರ್ಷವೂ ಅದರಲ್ಲಿ ಬರೆದಿಟ್ಟ ಹಾಗೆ. ನಾನು ಸೂಜಿ ಹಿಡಿದು ಉಂಗುರ ಎಣಿಸುತ್ತಾ ಹೋದೆ. ಗಾಯದಿಂದ ಗಾಯಕ್ಕೆ ಕೆಲವು ಕಡೆ ಎಂಟು ವರ್ಷ, ಕೆಲವು ಕಡೆ ಹದಿನೈದು. ತೊಗಟೆಯ ಕಡೆ ಬಂದರೆ ಕೊನೆಯ ಸುಮಾರು ನೂರು ಉಂಗುರದಲ್ಲಿ ಒಂದೂ ಇಲ್ಲ. ನುಣ್ಣಗಿದೆ.

ಆ ನೂರು ವರ್ಷದಲ್ಲಿ ಏನಾಯಿತು? 1910ರ ಆಗಸ್ಟ್‌ನಲ್ಲಿ ಐಡಾಹೊ, ಮಾಂಟಾನಾದಲ್ಲಿ ಎರಡೇ ದಿನದಲ್ಲಿ ಸುಮಾರು 30 ಲಕ್ಷ ಎಕರೆ ಸುಟ್ಟುಹೋಯಿತು. ಆಮೇಲೆ ಅರಣ್ಯ ಇಲಾಖೆಗೆ ಬೆಂಕಿ ಅಂದರೆ ವೈರಿ. 1935ರಲ್ಲಂತೂ ಒಂದು ನಿಯಮ ಮಾಡಿದರು, ಎಲ್ಲೇ ಬೆಂಕಿ ಕಂಡರೂ ಮರುದಿನ ಬೆಳಿಗ್ಗೆ ಹತ್ತು ಗಂಟೆಯೊಳಗೆ ಹತೋಟಿಗೆ ಬರಬೇಕು. ಅದಕ್ಕೂ ಮುಂಚೆ ಸಾವಿರಾರು ವರ್ಷದಿಂದ ಸೇಲಿಶ್, ಕೂಟನೈ ಜನ ಲೆಕ್ಕ ಹಾಕಿ ಬೆಂಕಿ ಇಡುತ್ತಿದ್ದರು. ಹಣ್ಣಿನ ಪೊದೆ ಚಿಗುರಲಿ, ಜಿಂಕೆಗೆ ಹುಲ್ಲು ಬರಲಿ, ದಾರಿ ತೆರೆದಿರಲಿ ಅಂತ. ಅದನ್ನು ನಿಲ್ಲಿಸಿದರು. ಕಾಡಿನ ಕೆಳಗೆ ಸಣ್ಣ ಮರ, ಒಣ ಕಡ್ಡಿ ತುಂಬಿಕೊಂಡಿತು. ಈಗ ಬೆಂಕಿ ಬಿದ್ದರೆ ಬುಡದಲ್ಲಿ ನಿಲ್ಲುವುದಿಲ್ಲ, ಆ ಸಣ್ಣ ಮರಗಳನ್ನೇ ಏಣಿ ಮಾಡಿಕೊಂಡು ನೆತ್ತಿಗೆ ಹತ್ತುತ್ತದೆ. ನಿಮ್ಮ ಕಣ್ಣಿಗೆ ಬಿದ್ದದ್ದೂ ಅಂಥದ್ದೇ ಬೆಂಕಿ ಇರಬಹುದು.

ನಾವು ಮಾಡಿದ್ದು ಹೀಗೆ. ಮೊದಲು ಸಣ್ಣ ಮರ ಕಡಿದು ತೆಳು ಮಾಡಿದ ಜಾಗ ಅದು. ಸುತ್ತ ಮಣ್ಣು ಕಾಣುವ ತನಕ ಗೆರೆ ಕೆತ್ತಿದ್ದರು. ಗಂಟೆಗೊಮ್ಮೆ ಗಾಳಿಯ ತೇವ ಅಳೆದು ರೇಡಿಯೊದಲ್ಲಿ ಕೂಗುವುದು ನನ್ನ ಕೆಲಸ. ಡೀಸೆಲ್, ಪೆಟ್ರೋಲ್ ಬೆರೆಸಿದ ಕ್ಯಾನಿನಿಂದ ಉರಿಯುವ ಹನಿ ಚೆಲ್ಲುತ್ತಾ ಹೋಗುತ್ತಾರೆ. ಇಳಿಜಾರಿನ ಮೇಲ್ತುದಿಯಿಂದ ಶುರು. ಬೆಂಕಿ ಕೆಳಗಿಳಿಯುವಾಗ ನಿಧಾನ, ಮೇಲೇರುವಾಗ ಕುದುರೆ. ಮೊಣಕಾಲಿಗಿಂತ ಕೆಳಗೇ ಇತ್ತು ಜ್ವಾಲೆ. ಪಕ್ಕದಲ್ಲೇ ನಡೆದುಕೊಂಡು ಹೋದೆ.

ಕೊನೆಗೆ ನಂದಿಸುವಾಗ ಗ್ಲೌಸ್ ತೆಗೆದು, ಅಂಗೈ ಅಲ್ಲ, ಕೈಯ ಹಿಂಬದಿಯನ್ನು ಬೂದಿಯ ಹತ್ತಿರ ಹಿಡಿಯುತ್ತಾ ಸಾಗಬೇಕು. ಎಲ್ಲಿ ಬಿಸಿ ತಾಗುತ್ತದೋ ಅಲ್ಲಿ ಅಗೆದು, ನೀರು ಹಾಕಿ, ಕಲಸಬೇಕು. ಅಂಬಲಿ ಕಲಸಿದ ಹಾಗೆ. ಅಗೆಯಲು ಪುಲಾಸ್ಕಿ ಅಂತ ಒಂದು ಸಲಕರಣೆ. ಒಂದು ಕಡೆ ಕೊಡಲಿ, ಇನ್ನೊಂದು ಕಡೆ ಗುದ್ದಲಿ, ಹಿಡಿ ಒಂದೇ. 1910ರ ಬೆಂಕಿಯಲ್ಲಿ ತನ್ನ ಆಳುಗಳನ್ನು ಹಳೇ ಗಣಿಯ ಸುರಂಗಕ್ಕೆ ನುಗ್ಗಿಸಿ ಬದುಕಿಸಿದ ಎಡ್ ಪುಲಾಸ್ಕಿ ಎಂಬ ರೇಂಜರ್ ಹೆಸರು ಅದಕ್ಕೆ.

ಪೋಡಿನ ಹುಡುಗ · ಮೇ 9

ಅಕ್ಕಾ ನಮಸ್ಕಾರ. ನಾನು ಬಿಳಿಗಿರಿರಂಗನ ಬೆಟ್ಟದ ಸೋಲಿಗ. ಇದುವರೆಗೆ ಓದ್ತಾ ಮಾತ್ರ ಇದ್ದೆ, ಬೆಂಕಿ ಮಾತು ಬಂದ ಮೇಲೆ ಬರೆಯಲೇಬೇಕು ಅನ್ನಿಸಿತು.

ನಮ್ಮಲ್ಲಿ ಇದಕ್ಕೆ ತರಗು ಬೆಂಕಿ ಅಂತಾರೆ. ಸಂಕ್ರಾಂತಿ ಆಸುಪಾಸಿನಲ್ಲಿ, ಎಲೆ ಉದುರಿ ಇನ್ನೂ ಪೂರ್ತಿ ಒಣಗದೆ ಇರುವಾಗ ಹಾಕ್ತಿದ್ದದ್ದು. ತರಗು ಮಾತ್ರ ಉರಿದು ಹೋಗ್ತಿತ್ತು. ನೆಲ್ಲಿ ಮರಕ್ಕೆ ಹತ್ತುವ ಉಪ್ಪಿಲು ಇದೆಯಲ್ಲ, ರಸ ಹೀರಿ ಮರ ಸಾಯಿಸುವ ಬದನಿಕೆ, ಅದೂ ಆ ಬೆಂಕಿಗೆ ಹತೋಟಿಯಲ್ಲಿ ಇರ್ತಿತ್ತು ಅಂತ ನಮ್ಮಜ್ಜ ಹೇಳ್ತಾರೆ. ಲಂಟಾನ ಕಳೆಯ ಸಸಿಯೂ ಅಷ್ಟೇ. 1974ರಲ್ಲಿ ಅಭಯಾರಣ್ಯ ಆಯಿತು, ಬೆಂಕಿ ಹಾಕಿದರೆ ಕೇಸು ಅಂದರು. ಈಗ ನೋಡಿ, ಎಲ್ಲಿ ನೋಡಿದರೂ ಲಂಟಾನ. ಆನೆ ಎದುರಿಗೆ ಬಂದರೂ ಕಾಣಲ್ಲ. 2011ರಲ್ಲಿ ನಮ್ಮ ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕು ಸಿಕ್ಕಿತು. ನೆಲ್ಲಿ, ಜೇನು, ಪಾಚಿ ತರಬಹುದು. ಬೆಂಕಿ ಮಾತು ಎತ್ತಿದರೆ ಮಾತ್ರ ಇವತ್ತಿಗೂ ಎಲ್ಲರೂ ಬೇರೆ ಕಡೆ ನೋಡ್ತಾರೆ.

ನಿಮ್ಮ ಮರದ ತುಂಡಿನ ಫೋಟೊ ಇದ್ದರೆ ಹಾಕಿ. ಅಜ್ಜನಿಗೆ ತೋರಿಸಬೇಕು.

ಶಿರಸಿ ಬ್ಯಾಚ್ · ಮೇ 9

ಪೋಡಿನ ಹುಡುಗ, ನಿಮ್ಮ ಅಜ್ಜ ಹೇಳೋದು ಸರಿ ಇದೆ. ಅದರ ಮೇಲೆ ಅಧ್ಯಯನಗಳೂ ಬಂದಿವೆ. ಒಂದೇ ಎಚ್ಚರ. ಅಜ್ಜನ ಕಾಲದಲ್ಲಿ ಕೆಳಗೆ ಇದ್ದದ್ದು ಹುಲ್ಲು, ತರಗು. ಈಗ ಇರುವುದು ಆಳೆತ್ತರದ ಲಂಟಾನ. ಅದೇ ಬೆಂಕಿ ಈಗ ಹಾಕಿದರೆ ಅದು ತರಗು ಬೆಂಕಿ ಆಗಿ ಉಳಿಯಲ್ಲ. ಪಾಬ್ಲೊಪೇಟೆಯವರು ಹೇಳಿದ ಏಣಿಯೇ ಇದು. ಮೊದಲು ಬುಡ ಸಮೇತ ಕಿತ್ತು ಜಾಗ ಬಿಡಿಸಬೇಕು, ಆಮೇಲೆ ಬೆಂಕಿ ಮಾತು.

ತಲಘಟ್ಟಪುರ · ಮೇ 10

ತಿಂಗಳಲ್ಲೂ ವ್ಯತ್ಯಾಸ ಇದೆ ಅಂತಾಯಿತು. ಬಂಡೀಪುರ ಹೊತ್ತಿದ್ದು ಫೆಬ್ರವರಿ ಕೊನೆಗೆ, ಎಲ್ಲ ಒಣಗಿ ನಿಂತಾಗ. ಪೂರ್ತಿ ಒಪ್ಪಿದೆ ಅಂತ ಹೇಳಲ್ಲ. ಆದರೆ ನನ್ನ ಮೊದಲ ಕಾಮೆಂಟ್ ಸ್ವಲ್ಪ ಖಾರ ಆಯಿತು.

ಪಾಬ್ಲೊಪೇಟೆ · ಮೇ 11

ಪೋಡಿನ ಹುಡುಗ, ಫೋಟೊ ನಿಮ್ಮ ಇನ್‌ಬಾಕ್ಸ್‌ಗೆ ಹಾಕಿದ್ದೇನೆ. ಪುಲಾಸ್ಕಿಯದ್ದೂ ಇದೆ. ಒಂದು ವಿಷಯ, "ತರಗು ಬೆಂಕಿ" ಅನ್ನುವ ಪದವನ್ನು ಕ್ಲಾಸಿನಲ್ಲಿ ಬೋರ್ಡಿನ ಮೇಲೆ ಕನ್ನಡದಲ್ಲೇ ಬರೆದೆ. ಅಜ್ಜಿ ಅದನ್ನು ನೋಟ್‌ಬುಕ್‌ಗೆ ಚಿತ್ರ ಬಿಡಿಸಿದ ಹಾಗೆ ಬಿಡಿಸಿಕೊಂಡರು.

ಕಾವೇರಿ ತೀರ · ಮೇ 19

ಮೀನಿನವರ ಕಥೆ ಹೇಳಲೇ ಇಲ್ಲವಲ್ಲ. ಪಕ್ಕದಲ್ಲೇ ದೊಡ್ಡ ಕೆರೆ ಇದೆ ಅಂತ ಮ್ಯಾಪಲ್ಲಿ ನೋಡಿದೆ.

ಪಾಬ್ಲೊಪೇಟೆ · ಮೇ 20

ಫ್ಲ್ಯಾಟ್‌ಹೆಡ್ ಸರೋವರ. ಅದರ ದಕ್ಷಿಣದ ಅರ್ಧ ರಿಸರ್ವೇಶನ್ ಒಳಗೆ ಬರುತ್ತದೆ. ಅದರ ಕೆಳಗಿನ ಅಣೆಕಟ್ಟನ್ನು 2015ರಲ್ಲಿ ಬುಡಕಟ್ಟೇ ಕೊಂಡುಕೊಂಡಿತು.

ಕಥೆ ಚುಟುಕಾಗಿ: 1905ರಲ್ಲಿ ಹೊರಗಿನಿಂದ ಲೇಕ್ ಟ್ರೌಟ್ ಎಂಬ ಮೀನು ತಂದು ಬಿಟ್ಟರು. ಅದು ಅಷ್ಟೇನೂ ಹೆಚ್ಚದೆ ಬಹಳ ಕಾಲ ಸುಮ್ಮನಿತ್ತು. ಆಮೇಲೆ ಇನ್ನೊಂದು ಮೀನಾದ ಕೊಕನಿ ಸಾಲ್ಮನ್‌ಗೆ ಒಳ್ಳೆ ಆಹಾರ ಆಗಲಿ ಅಂತ ಮೇಲಿನ ಕೆರೆಗಳಿಗೆ ಮೈಸಿಸ್ ಎಂಬ ಪುಟ್ಟ ಸೀಗಡಿ ಬಿಟ್ಟರು. ಅದು ಹರಿದು 1980ರ ಹೊತ್ತಿಗೆ ಇಲ್ಲಿಗೆ ಬಂತು. ಸೀಗಡಿ ಹಗಲು ತಳದಲ್ಲಿ ಅಡಗುತ್ತದೆ, ರಾತ್ರಿ ಮೇಲೆ ಬಂದು ಕೊಕನಿ ತಿನ್ನಬೇಕಾದ ಸಣ್ಣ ಜೀವಿಗಳನ್ನೇ ತಿನ್ನುತ್ತದೆ. ಕೊಕನಿ ಹಗಲು ಬೇಟೆಯಾಡುವ ಮೀನು, ಅದಕ್ಕೆ ಸೀಗಡಿ ಸಿಗಲೇ ಇಲ್ಲ. ತಳದಲ್ಲಿರುವ ಲೇಕ್ ಟ್ರೌಟ್‌ಗೆ ಹಬ್ಬ. ಹತ್ತೇ ವರ್ಷದಲ್ಲಿ ಕೊಕನಿ ಖಾಲಿ, ಊರ ಮೀನಾದ ಬುಲ್ ಟ್ರೌಟ್‌ಗೂ ಕುತ್ತು. ಈಗ ಬುಡಕಟ್ಟು ವರ್ಷಕ್ಕೆರಡು ಸಲ ಲೇಕ್ ಟ್ರೌಟ್ ಹಿಡಿಯುವ ಪಂದ್ಯ ಇಟ್ಟು ಬಹುಮಾನ ಕೊಡುತ್ತದೆ. ಮೀನು ತಿನ್ನದ ನಾನೂ ಗಾಳ ಹಿಡಿದು ಕೂತಿದ್ದೆ. ಒಂದೂ ಸಿಗಲಿಲ್ಲ.

ಕಾವೇರಿ ತೀರ · ಮೇ 20

ಇದು ನಮ್ಮ ಮಶೀರ್ ಮೀನಿನ ಕಥೆಯೇ. ಕಾವೇರಿಯ ಕಿತ್ತಳೆ ರೆಕ್ಕೆಯ ಡುಬ್ಬದ ಮಶೀರ್ ಬೇರೆಲ್ಲೂ ಇಲ್ಲ. ಒಳ್ಳೆಯದಾಗಲಿ ಅಂತಲೇ ಮಹಾರಾಷ್ಟ್ರದ ನೀಲಿ ರೆಕ್ಕೆ ಮಶೀರ್ ಮರಿಗಳನ್ನು ವರ್ಷಗಟ್ಟಲೆ ತಂದು ಬಿಟ್ಟರು. ಈಗ ಎಲ್ಲಿ ಗಾಳ ಹಾಕಿದರೂ ನೀಲಿಯದೇ. ನಮ್ಮದು ಅಳಿವಿನ ಅಂಚಿನಲ್ಲಿದೆ.

ಡಲ್ಲಾಸ್ ದೋಸೆ · ಜೂನ್ 3

ತಂಗಿಗೆ ಇಡೀ ಚರ್ಚೆ ಓದಿಸಿದೆ. ಅವಳು ಪೊನ್ನಂಪೇಟೆ ಫಾರೆಸ್ಟ್ರಿ ಕಾಲೇಜಿನ ವಿವರ ಕೇಳ್ತಿದ್ದಾಳೆ ಈಗ. ಅಮೆರಿಕ ಕ್ಯಾನ್ಸಲ್.

ಶಿರಸಿ ಬ್ಯಾಚ್ · ಜೂನ್ 3

ಶಿರಸಿನೂ ಇದೆ ಅಂತ ಹೇಳಿ ಮಾರಾಯ್ರೆ!

ಪಾಬ್ಲೊಪೇಟೆ · ಸೆಪ್ಟೆಂಬರ್ 14

ತುಂಬ ದಿನ ಆಯಿತು. ಬೇಸಿಗೆ ಪೂರ್ತಿ ವೈಟ್‌ಬಾರ್ಕ್ ಪೈನ್ ಹಿಂದೆ ಓಡಾಡಿದೆ. ಹೌದು, ಈ ಸಲ ಕೆಲಸ ಸಿಕ್ಕಿತು, ಆ ಹುಡುಗನ ಜೊತೆಗೇ.

ಬೆಟ್ಟದ ತೀರಾ ಮೇಲೆ, ಬೇರೆ ಮರ ನಿಲ್ಲಲಾರದ ಗಾಳಿಯಲ್ಲಿ ಬೆಳೆಯುವ ಮರ ಇದು. ಬೀಜ ಕಡಲೆಕಾಳಿನಷ್ಟು, ಎಣ್ಣೆ ಎಣ್ಣೆ. ಕರಡಿಗೂ ಬೇಕು, ಸೇಲಿಶ್ ಜನರೂ ತಿನ್ನುತ್ತಿದ್ದರು. ಬೀಜ ಬಿತ್ತುವುದು ನಟ್‌ಕ್ರ್ಯಾಕರ್ ಎಂಬ ಕಾಗೆ ಜಾತಿಯ ಹಕ್ಕಿ. ಸಾವಿರಾರು ಕಡೆ ಹೂತಿಡುತ್ತದೆ, ಮರೆತಷ್ಟು ಮೊಳೆಯುತ್ತದೆ. ಯುರೋಪಿನಿಂದ 1910ರ ಸುಮಾರಿಗೆ ಬಂದ ತುಕ್ಕು ರೋಗಕ್ಕೆ ಮರಗಳು ಸಾಯುತ್ತಿವೆ. 2022ರ ಡಿಸೆಂಬರಿನಲ್ಲಿ ಅಪಾಯದಲ್ಲಿರುವ ಜಾತಿ ಅಂತ ಸರ್ಕಾರ ಪಟ್ಟಿಗೆ ಸೇರಿಸಿತು. ನೂರು ಸತ್ತ ಕಡೆ ಒಂದೆರಡು ಹಸಿರಾಗಿ ನಿಂತಿರುತ್ತವೆ. ಅವುಗಳ ಬೀಜ ಬೇಕು ನಮಗೆ.

ಜೂನ್ ಕೊನೆಗೆ ಮರ ಹತ್ತಿ ಎಳೇ ಕಾಯಿಗಳಿಗೆ ತಂತಿಯ ಬಲೆ ಕಟ್ಟಿದೆವು, ಇಲ್ಲದಿದ್ದರೆ ಹಕ್ಕಿ ಒಂದನ್ನೂ ಬಿಡಲ್ಲ. ಈಗ ಬಿಚ್ಚುತ್ತಿದ್ದೇವೆ. ಅಡಿಕೆ ಕೊನೆ ತೆಗೆಯುವವರನ್ನು ನೋಡುತ್ತಾ ಬೆಳೆದವಳು ಮೂವತ್ತಡಿ ಮೇಲೆ ಹಗ್ಗದಲ್ಲಿ ನೇತಾಡುತ್ತಾ "ಅಪ್ಪಯ್ಯ ನೋಡಬೇಕಿತ್ತು" ಅಂದುಕೊಂಡೆ. ಕೈಗೆಲ್ಲ ಅಂಟು. ಹಲಸಿನ ಸೋನೆಯ ಹಾಗೆ, ಎಣ್ಣೆ ಹಚ್ಚದೆ ಹೋಗುವುದಿಲ್ಲ. ಪಕ್ಕದ ಕೊಂಬೆಯಲ್ಲಿ ನಟ್‌ಕ್ರ್ಯಾಕರ್ ಕೂತು ಬೈಯುತ್ತಲೇ ಇತ್ತು.

ನಾಳೆ ಮತ್ತೆ ಐದು ಗಂಟೆಗೆ ವ್ಯಾನು.

ಪೋಡಿನ ಹುಡುಗ · ಸೆಪ್ಟೆಂಬರ್ 15

ಅಕ್ಕಾ, ಫೋಟೊ ಅಜ್ಜನಿಗೆ ತೋರಿಸಿದೆ. ಗಾಯಗಳನ್ನು ಬೆರಳಲ್ಲಿ ಮುಟ್ಟಿ ಎಣಿಸಿದರು. ಇನ್ನೊಂದು ಸುದ್ದಿ. ಪುಲಾಸ್ಕಿ ಫೋಟೊವನ್ನು ಯಳಂದೂರಿನ ಕುಲುಮೆಯವರಿಗೆ ತೋರಿಸಿ ಒಂದು ಮಾಡಿಸಿದೆ. ಲಂಟಾನದ ಬುಡ ಕೀಳೋಕೆ. ಒಂದೇ ಕೈಕೆಲಸದಲ್ಲಿ ಕಡಿದು ಅಗೆದು ಎಲ್ಲ ಆಗುತ್ತೆ. ಅಕ್ಕಪಕ್ಕದವರು ಎರಡು ಕೇಳಿದ್ದಾರೆ.

ಪಾಬ್ಲೊಪೇಟೆ · ಸೆಪ್ಟೆಂಬರ್ 16

ಅಯ್ಯೋ, ಬೆಳಿಗ್ಗೆ ವ್ಯಾನಿನಲ್ಲಿ ಎಲ್ಲರಿಗೂ ಓದಿ ಹೇಳಿದೆ! ಹಿಡಿಗೆ ಯಾವ ಮರ ಹಾಕಿದಿರಿ ಅಂತ ಹುಡುಗ ಕೇಳುತ್ತಿದ್ದಾನೆ.

ಪೋಡಿನ ಹುಡುಗ · ಸೆಪ್ಟೆಂಬರ್ 16

ದಿಂಡಿಗ. ಮನೆಯಲ್ಲಿದ್ದ ಹಳೇ ಕೊಡಲಿಯ ಹಿಡಿ. ತೂಕ ಸ್ವಲ್ಪ ಜಾಸ್ತಿ.